ಮಡಿಲಿಗೆ ಬಂದ ಚೀಲಗಳು

ಎಲ್ಲರ ಸೀರೆಗಳೂ ಅಂಚಿನಲ್ಲೋ ಸೆರಗಿನಲ್ಲೋ ಮೊದಲು ಸವೆಯುತ್ತವಂತೆ. ನನ್ನವು ಮಾತ್ರ ಮಡಿಲಿನ ಜಾಗದಲ್ಲಿ ಸವೆಯುತ್ತವೆ. ಇದನ್ನು ಕಂಡುಹಿಡಿದವಳು ನನ್ನ ತಂಗಿ ಸುಮತಿ. ಒಗೆದ ಬಟ್ಟೆಗಳನ್ನು ಹಗ್ಗಕ್ಕೆ ಹಾಕುತ್ತಿದ್ದವಳು ಒಂದು ಸೀರೆಯನ್ನು ಬೆಳಕಿಗೆ ಎತ್ತಿ ಹಿಡಿದು, ಬಲೆಯಷ್ಟು ತೆಳುವಾಗಿದ್ದ ಆ ಭಾಗದ ಮೂಲಕವೇ ನನ್ನನ್ನು ನೋಡಿ, "ಎಂತ ಅಕ್ಕ, ಲೈಬ್ರರಿಯಲ್ಲಿ ಕಡೆಯುವ ಕಲ್ಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿರ್ತೀಯಾ?" ಎಂದು ಕೇಳಿದಳು. ನಾನು ಕೆಲಸ ಮಾಡುವ ಮಣಿಪಾಲದ ಲೈಬ್ರರಿಯಲ್ಲಿ ನಾನು ಇಟ್ಟುಕೊಳ್ಳುವುದು ಪುಸ್ತಕಗಳನ್ನು, ಅದೂ ಮೇಜಿನ ಮೇಲೆ. ಮಡಿಲು ಸವೆದದ್ದು ಬಸ್ಸಿನಲ್ಲಿ, ಊರವರ ಚೀಲಗಳಿಂದ.

ಕಾಪುವಿನಿಂದ ಮಣಿಪಾಲಕ್ಕೆ ಬೆಳಗಿನ ಬಸ್ಸಿನಲ್ಲಿ ನೀವು ಎಂದಾದರೂ ಹೋಗಿದ್ದರೆ ನನ್ನ ಮಾತು ತಟ್ಟನೆ ಅರ್ಥವಾದೀತು. ಮುಂದಿನ ಬಾಗಿಲಿನಿಂದ ಹೆಂಗಸರು, ಹಿಂದಿನ ಬಾಗಿಲಿನಿಂದ ಗಂಡಸರು. ನಡುವೆ ಎಲ್ಲೋ ಒಂದು ಕಾಣದ ಗಡಿ, ಆ ಗಡಿಯನ್ನು ನಿಮಿಷಕ್ಕೊಮ್ಮೆ ಉಲ್ಲಂಘಿಸುವ ಕಂಡಕ್ಟರ್, ಅವನ ಬಾಯಲ್ಲಿ ಸೀಟಿ, ಸೀಟಿ ಇಲ್ಲದಾಗ "ದುಂಬು ಬಲೆ, ದುಂಬು ಬಲೆ" ಎಂಬ ಮುಂದೆ ಬರಲು ಹೇಳುವ ತುಳು ಮಂತ್ರ. ಮುಂದೆ ಹೋಗಲು ಜಾಗವೇ ಇಲ್ಲದ ಕಡೆ ಮುಂದೆ ಹೋಗುವ ವಿದ್ಯೆಯನ್ನು ಜಗತ್ತಿನ ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ, ಈ ಬಸ್ಸು ಕಲಿಸುತ್ತದೆ. ನಿಂತವರಿಗೆ ಒಂದು ಕೈ ಮೇಲಿನ ಕಂಬಿಗೆ ಬೇಕು, ಇನ್ನೊಂದು ಕೈ ಟಿಕೆಟಿಗೆ ಬೇಕು. ಹಾಗಾದರೆ ಚೀಲಕ್ಕೆ? ಚೀಲಕ್ಕೆ ಕೂತವರ ಮಡಿಲು ಉಂಟು.

ಈ ಕ್ರಮವನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಇದರ ನಿಯಮಗಳು ಬಹಳ ಕಟ್ಟುನಿಟ್ಟು. ಮೊದಲನೆಯದಾಗಿ, ಯಾರೂ ಕೇಳುವಂತಿಲ್ಲ. ನಿಂತವರ ಕಣ್ಣು ಒಮ್ಮೆ ನಿಮ್ಮ ಕಣ್ಣನ್ನು ಸಂಧಿಸುತ್ತದೆ, ಅಷ್ಟರಲ್ಲಿ ಚೀಲ ನಿಮ್ಮ ಮಡಿಲಲ್ಲಿ ಕೂತಾಗಿರುತ್ತದೆ. ಬಾಯಿ ತೆರೆದ ಚೀಲವಾದರೂ ಒಳಗೆ ಇಣುಕುವಂತಿಲ್ಲ. ಮೊಬೈಲು ಹೊಡೆದುಕೊಂಡರೆ ಮುಟ್ಟುವಂತಿಲ್ಲ, ಚೀಲವನ್ನೇ ಎತ್ತಿ ಯಜಮಾನತಿಯ ಕಿವಿಯ ಹತ್ತಿರ ಹಿಡಿಯಬಹುದು. ನಿಮ್ಮ ನಿಲ್ದಾಣ ಮೊದಲು ಬಂದರೆ ಚೀಲ ಪಕ್ಕದ ಮಡಿಲಿಗೆ ವರ್ಗವಾಗುತ್ತದೆ, ಅವರೂ ಇಳಿದರೆ ಅದರ ಆಚೆಗಿನ ಮಡಿಲಿಗೆ. ಹೀಗೆ ಕೈದಾಟಿದ ಚೀಲವೊಂದು ಕೊನೆಗೆ ತನ್ನವರನ್ನು ಸೇರದೆ ಹೋದದ್ದನ್ನು ನಾನು ಈವರೆಗೆ ಕಂಡಿಲ್ಲ.

ಇಣುಕದಿದ್ದರೂ ಮಡಿಲಿಗೆ ಎಲ್ಲ ತಿಳಿಯುತ್ತದೆ. ಬಿಸಿ ತಾಗಿದರೆ ಬುತ್ತಿ. ಶಂಕರಪುರದಿಂದ ಕಟಪಾಡಿಗೆ ಬಂದು ಹತ್ತುವ ಹೆಂಗಸರು ಕೊಡುವ ಕಟ್ಟು ತಣ್ಣಗೆ ಒದ್ದೆಯಾಗಿರುತ್ತದೆ. ಬಾಳೆಯೆಲೆಯೊಳಗಿನ ಮಲ್ಲಿಗೆ ಮೊಗ್ಗುಗಳು ಆ ದಿನ ಯಾರ ತಲೆಗೆ ಏರಲಿವೆಯೋ, ಅದಕ್ಕೆ ಮೊದಲು ನನ್ನ ಮಡಿಲಲ್ಲಿ ಸ್ವಲ್ಪ ಹೊತ್ತು ವಿಶ್ರಮಿಸುತ್ತವೆ. ಮಣಿಪಾಲದ ವಿದ್ಯಾರ್ಥಿನಿಯರ ಬೆನ್ನಚೀಲಗಳಲ್ಲಿ ಭಾರವಿದ್ದರೆ ಪರೀಕ್ಷೆ ಹತ್ತಿರ, ಹಗುರವಿದ್ದರೆ ಮುಗಿದಿದೆ. ಹಿಂದೆ ಕೆಲವು ವರ್ಷ ನಾನು ಕಾರ್ಕಳದಲ್ಲಿ ಕೆಲಸ ಮಾಡುತ್ತಿದ್ದಾಗ ಅಜೆಕಾರಿನ ಹೆಂಗಸೊಬ್ಬರು ಕೊಟ್ಟ ಚೀಲವಂತೂ ಮಡಿಲ ಮೇಲೆ ತಾನಾಗಿ ನಡೆಯತೊಡಗಿತು. ನಾನು ಗಾಬರಿಯಿಂದ ನೋಡಿದಾಗ ಆಕೆ ಅತ್ಯಂತ ಶಾಂತವಾಗಿ, "ಹೇಂಟೆ ಮಾರಾಯ್ರೆ, ಎಂತ ಮಾಡುದಿಲ್ಲ" ಎಂದರು. ಆ ಕೋಳಿಯೂ ನಾನೂ ಕಾರ್ಕಳದವರೆಗೆ ಪರಸ್ಪರ ಗೌರವದಿಂದ ಪ್ರಯಾಣ ಮಾಡಿದೆವು.

ಇಷ್ಟೆಲ್ಲ ಹೊತ್ತ ನನಗೆ ಇದರಲ್ಲೊಂದು ಹೆಮ್ಮೆ ಬೆಳೆದದ್ದು ತಪ್ಪಲ್ಲ ಅಲ್ವಾ? ಮದುವೆಯಾಗದೆ ಉಳಿದ ನನ್ನನ್ನು ನೋಡಿ ನೆಂಟರು ಕೆಲವರು 'ಪಾಪ, ಅವಳಿಗೆ ಯಾರ ಭಾರವೂ ಇಲ್ಲ' ಎಂದು ಹೊಗಳಿಕೆಯೋ ಮರುಕವೋ ತಿಳಿಯದ ಹಾಗೆ ಹೇಳುವುದುಂಟು. ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಬೆಳಗ್ಗೆ ಕಟಪಾಡಿ ದಾಟುವಷ್ಟರಲ್ಲಿ ನನ್ನ ಮೇಲೆ ನಾಲ್ಕು ಮನೆಗಳ ಭಾರ ಇರುತ್ತಿತ್ತು.

ಕಳೆದ ಮಳೆಗಾಲದಲ್ಲಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದೆ. ಮಂಡಿಗೆ ಪೆಟ್ಟಾಗಿ ಕೆಲವು ತಿಂಗಳು ಮನೆಯಲ್ಲೇ ಕೂರಬೇಕಾಯಿತು. ಮತ್ತೆ ಬಸ್ಸು ಹತ್ತುವಾಗ ಕೈಯಲ್ಲೊಂದು ಊರುಗೋಲು ಇತ್ತು, ಬಣ್ಣ ಹಚ್ಚಲು ಬೇಸರವಾಗಿ ಬಿಟ್ಟ ತಲೆಕೂದಲೂ ಅಷ್ಟರಲ್ಲಿ ತನ್ನ ನಿಜರೂಪಕ್ಕೆ ಮರಳಿತ್ತು. ಕಂಡಕ್ಟರ್ ನನ್ನನ್ನು ನೋಡಿದ್ದೇ "ಅಮ್ಮನಿಗೆ ಸೀಟ್ ಬಿಡಿ" ಎಂದ. ಅದೇ ಕಂಡಕ್ಟರ್ ಅಷ್ಟು ವರ್ಷ ನನ್ನನ್ನು 'ಅಕ್ಕ' ಎಂದು ಕರೆದು ಮುಂದೆ ಮುಂದೆ ತಳ್ಳಿದವನು. ಇಬ್ಬರು ಹುಡುಗಿಯರು ಒಟ್ಟಿಗೆ ಎದ್ದರು. ಬಾಗಿಲ ಹಿಂದಿನ ಮೊದಲ ಸೀಟು, ಕಿಟಕಿಯ ಗಾಳಿ, ಕಾಲು ಚಾಚಲು ಜಾಗ. ವರ್ಷಗಟ್ಟಲೆ ಆಸೆಪಟ್ಟದ್ದೆಲ್ಲ ಒಂದೇ ಬೆಳಗ್ಗೆ ಸಿಕ್ಕಿತು.

ಸಿಗದೆ ಹೋದದ್ದು ಚೀಲ. ಕಟಪಾಡಿ ಬಂತು, ಮಲ್ಲಿಗೆಯ ಕಟ್ಟು ನನ್ನ ಮೂಗಿನ ಮುಂದಿನಿಂದಲೇ ಹಾದು ಹಿಂದಿನ ಸೀಟಿನ ಮಡಿಲಿಗೆ ಹೋಯಿತು. ಇವತ್ತು ಹೊಸದಲ್ಲವೇ, ನಾಳೆ ಸರಿಹೋದೀತು ಎಂದುಕೊಂಡೆ. ನಾಳೆಯೂ ಸರಿಹೋಗಲಿಲ್ಲ, ನಾಡಿದ್ದೂ ಸರಿಹೋಗಲಿಲ್ಲ. ನಾನೇ ನಿಯಮ ಮುರಿದು, ಪಕ್ಕದಲ್ಲಿ ನಿಂತ ಹುಡುಗಿಯ ಬೆನ್ನಚೀಲಕ್ಕೆ ಕೈಚಾಚಿದರೆ, ಅವಳು ಅದನ್ನು ಎದೆಗೆ ಅವುಚಿಕೊಂಡು "ಬೇಡ ಅಜ್ಜಿ, ನಿಮಗೆ ಕಷ್ಟ ಆಗ್ತದೆ" ಎಂದಳು. ಎಷ್ಟು ಒಳ್ಳೆಯ ಹುಡುಗಿ. ಅವಳ ಮೇಲೆ ನನಗೆ ಬಂದ ಸಿಟ್ಟು ಉಡುಪಿಯವರೆಗೂ ಇಳಿಯಲಿಲ್ಲ.

ಎರ್ಮಾಳಿನ ಗಿರಿಜಕ್ಕ ಆದರೂ ಕೊಟ್ಟಾರು ಎಂದು ಆಸೆಯಿತ್ತು. ಗಿರಿಜಕ್ಕ ಉಡುಪಿಯ ಸಂತೆಯಲ್ಲಿ ಒಣಮೀನು ಮಾರುವವರು. ಅವರ ಬುಟ್ಟಿ ಬಸ್ಸಿನ ಡಿಕ್ಕಿಗೆ, ಎಲೆಯಡಿಕೆಯ ಕೈಚೀಲ ನನ್ನ ಮಡಿಲಿಗೆ, ಇದು ನಮ್ಮಿಬ್ಬರ ಹಳೆಯ ಒಪ್ಪಂದ. ಈಗ ಅವರು ಕೈಚೀಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಂಬಿಗೆ ಜೋತುಬಿದ್ದು ನಿಲ್ಲುತ್ತಿದ್ದರು. "ಕೊಡಿ ಗಿರಿಜಕ್ಕ" ಎಂದರೆ, "ಬೇಡಪ್ಪ, ನಿಮ್ಮ ಕಾಲಿಗೆ ಎಂತಾದರೂ ಆದ್ರೆ ಮತ್ತೆ ನನ್ನ ತಲೆಗೆ ಬರ್ತದೆ" ಎಂದು ಮುಖ ಆಚೆ ತಿರುಗಿಸಿದರು.

ನೀವು ನಗಬಹುದು. ಜನ ಭಾರ ಇಳಿಸಲು ದೇವಸ್ಥಾನಗಳಿಗೆ ಹರಕೆ ಹೊರುತ್ತಾರೆ, ಇವಳು ಯಾರದೋ ಬುತ್ತಿಚೀಲ ಸಿಗಲಿಲ್ಲ ಎಂದು ಕೊರಗುತ್ತಾಳೆ ಎಂದು. ಆದರೆ ನನಗೆ ನಿಜವಾಗಿಯೂ ದುಃಖವಾಗಿತ್ತು. ಖಾಲಿ ಮಡಿಲಿನ ಮೇಲೆ ಎರಡು ಕೈಗಳನ್ನು ಜೋಡಿಸಿಟ್ಟುಕೊಂಡು ಕೂತಾಗ, ಅದೇ ಬಸ್ಸಿನಲ್ಲಿದ್ದೂ ನಾನು ಆ ಬಸ್ಸಿನವಳಲ್ಲ ಅನ್ನಿಸುತ್ತಿತ್ತು. ವಯಸ್ಸಾಯಿತೆಂದು ನಮಗೆ ತಿಳಿಸುವುದು ಕನ್ನಡಿಯಲ್ಲ, ಮಂಡಿಯೂ ಅಲ್ಲ. ಜನ ನಮ್ಮನ್ನು ನಂಬಿ ತಮ್ಮದೇನನ್ನಾದರೂ ಒಪ್ಪಿಸುವುದನ್ನು ನಿಲ್ಲಿಸಿ, ನಮಗೆ ಬರೀ ಸೀಟು ಬಿಟ್ಟುಕೊಡಲು ಎಂದು ತೊಡಗುತ್ತಾರೋ, ಅಂದು ಗೊತ್ತಾಗುತ್ತದೆ. ಗೌರವ ಒಳ್ಳೆಯದೇ, ಬೇಡ ಎನ್ನುವುದಿಲ್ಲ, ಆದರೆ ಅದಕ್ಕೆ ತೂಕವಿಲ್ಲ.

ಸುಮತಿಗೆ ಇದು ಅರ್ಥವಾಗಲಿಲ್ಲ. ನಮ್ಮ ಲೈಬ್ರರಿಗೆ ಹೊಸದಾಗಿ ಸೇರಿದ ವೀಣಾ ದಿನವೂ ಪಡುಬಿದ್ರಿಯಿಂದ ಕಾರಿನಲ್ಲಿ ಬರುತ್ತಾಳೆ, ನಮ್ಮ ಮನೆಯೆದುರಿನಿಂದಲೇ. "ಸೋಮವಾರದಿಂದ ನನ್ನ ಜೊತೆಗೇ ಬನ್ನಿ ಮೇಡಂ" ಎಂದು ಅವಳು ಕರೆದದ್ದನ್ನು ನಾನು ಬಾಯಿತಪ್ಪಿ ಮನೆಯಲ್ಲಿ ಹೇಳಿಬಿಟ್ಟೆ. "ಇನ್ನೆಂತ ಬೇಕು ನಿನಗೆ? ಎ.ಸಿ. ಉಂಟು, ಬೆಲ್ಟ್ ಉಂಟು, ತಳ್ಳುವವರಿಲ್ಲ. ಬಸ್ಸಿನಲ್ಲಿ ನಿನಗಾಗಿ ಯಾರು ಕಾಯ್ತಿದ್ದಾರೆ?" ಎಂದಳು ಸುಮತಿ. ಶನಿವಾರ ಸಂಜೆಯೊಳಗೆ ವೀಣಾಳಿಗೆ ಹೂಂ ಅನ್ನಬೇಕೆಂದು ನಿಶ್ಚಯಿಸಿ, ಶನಿವಾರ ಬೆಳಗ್ಗೆ ಬಸ್ಸು ಹತ್ತಿದೆ. ಕೊನೆಯ ಸಲ ಎಂದುಕೊಂಡು ಹತ್ತಿದ್ದರಿಂದ ಎಲ್ಲವೂ ಸ್ವಲ್ಪ ಹೆಚ್ಚೇ ಚೆನ್ನಾಗಿ ಕಾಣುತ್ತಿತ್ತು, ಕಂಡಕ್ಟರನ ಸೀಟಿ ಕೂಡ.

ಕಟಪಾಡಿಯಲ್ಲಿ ಒಬ್ಬಳು ಹೆಂಗಸು ಹತ್ತಿ ನನ್ನ ಸೀಟಿನ ಪಕ್ಕದಲ್ಲೇ ನಿಂತಳು. ಹಸಿರು ಬಳೆ, ಹಣೆ ತುಂಬ ಕುಂಕುಮ, ಸೀರೆಯ ಮೇಲೊಂದು ಗಂಡಸರ ತುಂಬುತೋಳಿನ ಅಂಗಿ. ಮಣಿಪಾಲದಲ್ಲಿ ಏಳುತ್ತಲೇ ಇರುವ ಕಟ್ಟಡಗಳ ಕೆಲಸಕ್ಕೆ ಹೋಗುವ ಉತ್ತರ ಕರ್ನಾಟಕದವಳು ಎಂದು ನೋಡಿದರೆ ತಿಳಿಯುತ್ತಿತ್ತು. ಅವಳಂಥವರು ನಮ್ಮ ಬಸ್ಸಿನಲ್ಲಿ ದಿನವೂ ಇರುತ್ತಾರೆ. ಅವರ ಚೀಲಗಳು ಯಾರ ಮಡಿಲಿಗೂ ಬಂದದ್ದನ್ನು ನಾನು ನೋಡಿರಲಿಲ್ಲ, ಬರುವುದಿಲ್ಲ ಎಂಬುದನ್ನು ಗಮನಿಸಿಯೂ ಇರಲಿಲ್ಲ. ಅವಳು ತನ್ನ ದೊಡ್ಡ ಚೀಲವನ್ನು ಕಾಲುಗಳ ನಡುವೆ ನೆಲದ ಮೇಲೆ ಇಟ್ಟುಕೊಂಡು ಎರಡೂ ಕೈಗಳಿಂದ ಕಂಬಿ ಹಿಡಿದಳು.

ಉದ್ಯಾವರದ ಸೇತುವೆ ದಾಟಿ ಬಸ್ಸು ಒಳ್ಳೆಯ ವೇಗದಲ್ಲಿತ್ತು. ಎದುರಿಗೆ ಯಾವುದೋ ಸ್ಕೂಟರು ಅಡ್ಡ ಬಂದಿರಬೇಕು, ಚಾಲಕ ಗಕ್ಕನೆ ಬ್ರೇಕು ಒತ್ತಿದ. ನಿಂತವರೆಲ್ಲ ಒಂದೇ ಸಲ ಮುಂದಕ್ಕೆ ವಾಲಿದರು. ಆ ಚೀಲ ಅವಳ ಕಾಲುಗಳ ನಡುವಿನಿಂದ ಜಾರಿ, ನೆಲದ ಮೇಲೆ ಸರಸರನೆ ಸಾಗಿ, ತೆರೆದೇ ಇದ್ದ ಬಾಗಿಲಿನ ಮೆಟ್ಟಿಲಿನತ್ತ ಹೊರಟಿತು. ಅವಳು "ಅಯ್ಯ ನನ್ನ ಚೀಲ" ಎಂದಳು, ಆ ನೂಕಿನಲ್ಲಿ ಬಗ್ಗಲು ಮಾತ್ರ ಆಗಲಿಲ್ಲ. ನಾನು ಯೋಚನೆ ಮಾಡಿದ್ದೇನೂ ಇಲ್ಲ. ಊರುಗೋಲನ್ನು ತಿರುಗಿಸಿ ಹಿಡಿದು, ಅದರ ಬಾಗಿದ ಹಿಡಿಯನ್ನು ಚೀಲದ ಕೈಗೆ ಸಿಕ್ಕಿಸಿ ಎಳೆದೆ. ಮೆಟ್ಟಿಲ ಅಂಚಿನಲ್ಲಿ ಅದು ನಿಂತಿತು. ಮತ್ತೆ ಎಳೆದೆ, ನನ್ನ ಕಾಲಬುಡಕ್ಕೆ ಬಂತು.

"ಎಂತ ಅಮ್ಮ, ಗಾಳ ಹಾಕಿದ್ದಾ?" ಎಂದ ಕಂಡಕ್ಟರ್.

"ನಾವು ಎರ್ಮಾಳಿನವರು ಕೂಡ ಹೀಗೆ ಹಿಡಿಯುದಿಲ್ಲ" ಎಂದರು ಗಿರಿಜಕ್ಕ, ಮೀನಿನ ವಿಷಯದಲ್ಲಿ ಅವರು ಸುಲಭಕ್ಕೆ ಯಾರನ್ನೂ ಹೊಗಳುವವರಲ್ಲ.

ನಾನು ಚೀಲವನ್ನು ಎತ್ತಿ ಮಡಿಲಿಗೆ ಇಟ್ಟುಕೊಳ್ಳಲು ಹೊರಟಾಗ ಆ ಹೆಂಗಸು ಗಾಬರಿಯಿಂದ ತಡೆದಳು. "ಬ್ಯಾಡ್ರಿ ಅಮ್ಮಾರ, ಸಿಮೆಂಟ್ ಹತ್ತತೈತಿ ನಿಮ್ಮ ಸೀರಿಗೆ."

"ಹತ್ತಲಿ, ತೊಳೆದರೆ ಹೋಗ್ತದೆ."

"ಭಾಳ ವಜ್ಜ ಐತ್ರಿ. ಕರಣಿ, ಬುತ್ತಿ, ಎಲ್ಲಾ ಅದರಾಗ ಐತಿ." ಇಷ್ಟು ಹೇಳಿ ಅವಳು ನನ್ನ ಕೋಲನ್ನು ನೋಡಿದಳು. ಎಲ್ಲರೂ ನೋಡುವಂತೆಯೇ ನೋಡಿದಳು. ಆಮೇಲೆ ಬಾಗಿಲನ್ನು ನೋಡಿದಳು. ಎರಡನ್ನೂ ತೂಗಿ ನೋಡಿ, ಬಗ್ಗಿ ಚೀಲವನ್ನು ಎತ್ತಿ ನನ್ನ ಮಡಿಲಲ್ಲಿ ಇಟ್ಟಳು, ಜಾರದ ಹಾಗೆ ಎರಡು ಸಲ ಒತ್ತಿಯೂ ನೋಡಿದಳು.

ನಿಜಕ್ಕೂ ಭಾರವಿತ್ತು. ಗಾರೆ ಕೆಲಸದ ಕರಣಿಯ ತುದಿ ತೊಡೆಗೆ ಚುಚ್ಚುತ್ತಿತ್ತು, ಮಂಡಿಯೊಳಗಿಂದ ಸಣ್ಣಗೆ ನೋವು ಎದ್ದು ಬಂತು, ಬುತ್ತಿಯ ರೊಟ್ಟಿಯ ಮತ್ತು ಶೇಂಗಾ ಚಟ್ನಿಯ ವಾಸನೆ ಮುಖಕ್ಕೆ ಬಡಿಯಿತು. ಎಷ್ಟೋ ತಿಂಗಳ ಮೇಲೆ ನನ್ನ ಕೈಗಳಿಗೆ ಎಲ್ಲಿರಬೇಕೆಂದು ಗೊತ್ತಾಗಿ ಅವು ಚೀಲದ ಸುತ್ತ ಹೋಗಿ ಕೂತವು. ಕಿನ್ನಿಮೂಲ್ಕಿ ಬರುವಷ್ಟರಲ್ಲಿ ಗಿರಿಜಕ್ಕ ತನ್ನ ಎಲೆಯಡಿಕೆಯ ಕೈಚೀಲವನ್ನೂ ಅದರ ಮೇಲೆ ಇಟ್ಟು, ಏನೂ ನಡೆದೇ ಇಲ್ಲವೆಂಬಂತೆ ಹೊರಗೆ ನೋಡತೊಡಗಿದರು.

ಅವಳ ಹೆಸರು ಶಾಂತವ್ವ. ಗದಗದ ಕಡೆಯವಳು, ಕಟಪಾಡಿಯಲ್ಲಿ ಗಂಡನ ಜೊತೆ ಬಾಡಿಗೆ ಕೋಣೆಯಲ್ಲಿದ್ದಾಳೆ, ಇವತ್ತು ಗಂಡ ಮುಂಚೆಯೇ ಹೋದದ್ದರಿಂದ ಅವನ ಕರಣಿಯೂ ಇವಳ ಪಾಲಿಗೆ ಬಂದಿತ್ತು. ಇಷ್ಟೆಲ್ಲ ನನಗೆ ಗೊತ್ತಾದದ್ದು ಉಡುಪಿಯಿಂದ ಮಣಿಪಾಲಕ್ಕೆ ಬಸ್ಸು ಏರು ಹತ್ತುವಾಗ, ಚೀಲದ ಮೇಲಿನಿಂದ ನಡೆದ ಮಾತುಕತೆಯಲ್ಲಿ. ಇಬ್ಬರೂ ಟೈಗರ್ ಸರ್ಕಲಿನಲ್ಲಿ ಇಳಿದೆವು. ಚೀಲವನ್ನು ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಹೋದವಳು ಹಿಂತಿರುಗಿ ಕೇಳಿದಳು.

"ಸೋಮಾರಾನೂ ಇದ ಬಸ್ಸಿಗೆ ಬರ್ತೀರೇನ್ರಿ ಅಮ್ಮಾರ?"

ಅವಳು ಕುಶಲ ಕೇಳಿದ್ದಲ್ಲ, ಉಪಚಾರದ ಮಾತೂ ಅಲ್ಲ. ಸೋಮವಾರ ತನ್ನ ಚೀಲಕ್ಕೆ ಜಾಗ ಇರುತ್ತದೋ ಇಲ್ಲವೋ ಎಂದು ತಿಳಿದುಕೊಳ್ಳುವುದು ಅವಳಿಗೆ ಬೇಕಿತ್ತು, ಅಷ್ಟೆ. "ಬರ್ತೇನೆ" ಎಂದೆ. ವೀಣಾಳಿಗೆ ಆ ಸಂಜೆ ಇಲ್ಲವೆಂದು ಹೇಳುವಾಗ ಕಾರಣ ಕೊಡಲು ತಡಬಡಾಯಿಸಿದೆ. ಸುಮತಿಗೆ ಕಾರಣವನ್ನೇ ಕೊಡಲಿಲ್ಲ. ಅವಳು ಸೀರೆಗೆ ಮೆತ್ತಿದ್ದ ಬೂದು ಬಣ್ಣದ ಪುಡಿಯನ್ನು ನೋಡಿ, ಮೂಸಿ, ಸೀರೆಯನ್ನು ಬಕೆಟಿಗೆ ಹಾಕಿದಳು.

ಸೋಮವಾರ ಕಟಪಾಡಿಯಲ್ಲಿ ಶಾಂತವ್ವನ ಜೊತೆ ಇನ್ನಿಬ್ಬರು ಹೆಂಗಸರು ಹತ್ತಿದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚೀಲ. ಶಾಂತವ್ವ ತನ್ನದನ್ನು ನನ್ನ ಮಡಿಲಿಗೆ ಇಳಿಸಿ, ಅವರ ಕಡೆ ತಿರುಗಿ, "ಕೊಡ್ರಿ, ಈ ಅಮ್ಮಾರು ಹಿಡ್ಕೋತಾರ" ಎಂದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಒಂದರ ಮೇಲೊಂದು ಚೀಲ ಏರಿ ನನ್ನ ಗಲ್ಲದವರೆಗೆ ಬಂತು, ಮಂಡಿ ಎಂದಿನಂತೆ ನೋಯುತ್ತಿತ್ತು, ಕಿಟಕಿಯ ಹೊರಗಿನದು ಏನೂ ಕಾಣುತ್ತಿರಲಿಲ್ಲ. ನನಗೆ ಬಹಳ ಸಂತೋಷವಾಗಿತ್ತು.