ಇದ್ದಿಲ ಬಸ್ಸಿನ ಹಿಡಿಕೆ

೧೯೪೩ರಲ್ಲಿ ನಾನು ಮದ್ದೂರಿನ ಒಂದು ಬಸ್ ಶೆಡ್ಡಿನಲ್ಲಿ ಮೆಕ್ಯಾನಿಕ್ ಮೇಸ್ತ್ರಿಯಾಗಿದ್ದೆ; ಶೆಡ್ಡಿನವರೆಲ್ಲ ನನ್ನನ್ನು ಸಾಬ್ರು ಎನ್ನುತ್ತಿದ್ದರು. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ ನಮ್ಮ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಹಿಂದಿನ ಕಬ್ಬಿಣದ ಡ್ರಮ್ಮಿಗೆ ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಬ್ಲೋಯರ್ ಎಂಬ ಗಾಳಿಚಕ್ರದ ಹಿಡಿಕೆಯನ್ನು ರಟ್ಟೆ ಸೋಲುವಂತೆ ತಿರುಗಿಸಿದರೆ ಗ್ಯಾಸು ಹುಟ್ಟಿ ಎಂಜಿನ್ ಏಳುತ್ತಿತ್ತು. ಅದು ಕ್ಲೀನರ್ ಕೆಲಸ. ಡ್ರೈವರು ಮುಟ್ಟಿದರೆ ಮರ್ಯಾದೆ ಹೋದಂತೆ.

ಮಳವಳ್ಳಿ ಬಸ್ಸಿನ ಡ್ರೈವರು ಸಿದ್ದಪ್ಪ. ಆ ಬಸ್ಸಿನ ಬ್ರೇಕ್ ಲೈನಿಂಗ್ ಸವೆದಿದೆ ಎಂದು ಯಜಮಾನರಿಗೆ ನಾನು ಮೊದಲೇ ಹೇಳಿದ್ದೆ. ಯುದ್ಧಕಾಲ, ಸಾಮಾನು ಎಲ್ಲಿ ಸಿಗುತ್ತದೆ ಎಂದರು. ಒಂದು ದಿನ ಮಳವಳ್ಳಿ ದಾರಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಬಸ್ಸು ಹುಣಸೆಮರಕ್ಕೆ ಗುದ್ದಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಸಿಗದ ಲೈನಿಂಗು ಮರುದಿನವೇ ಬಂತು. ಈಗಲೂ ನೆನೆದರೆ ಮೈ ಉರಿಯುತ್ತದೆ.

ಸಿದ್ದಪ್ಪನ ಮೈಗೆ ಗಾಯವಿರಲಿಲ್ಲ. ಆದರೆ ಸ್ಟೇರಿಂಗ್ ಹಿಡಿದವನು ಬಸ್ಸು ಹೊರಡುವ ಮುಂಚೆಯೇ ಬಿಟ್ಟು ಇಳಿಯುತ್ತಿದ್ದ. ಯಜಮಾನರು ದೊಡ್ಡ ಮನಸ್ಸು ಮಾಡಿ 'ರೆಸ್ಟ್' ಕೊಟ್ಟರು. ಮನೆಯವರು ಹುಲ್ಲುಕಡ್ಡಿ ಎತ್ತಲೂ ಬಿಡಲಿಲ್ಲ. ಜಗಲಿಯ ಮೇಲೆ ಕೂತೂ ಕೂತೂ ಅವನ ಊಟ ನಿಂತಿತು, ನಿದ್ದೆ ಹೋಯಿತು, ಹಾರನ್ ಕೇಳಿದರೆ ಬೆಚ್ಚುತ್ತಿದ್ದ. ಹುಣಸೆಮರದ ದೆವ್ವ ಹಿಡಿದಿದೆ ಎಂದು ಊರವರು ಅಂದರು. ಅಷ್ಟರಲ್ಲಿ ಯಜಮಾನರು ಅವನ ಸೀಟಿಗೆ ಮಂಡ್ಯದ ಒಬ್ಬನನ್ನು ಗೊತ್ತು ಮಾಡಿದ್ದರು.

ನಾನು ನೇರ ಯಜಮಾನರ ಬಳಿ ಹೋಗಿ ವ್ಯವಹಾರ ಕುದುರಿಸಿದೆ. ಹೊಸಬ ಬರುವವರೆಗೆ ಸಿದ್ದಪ್ಪ ನನ್ನ ಕೈಕೆಳಗಿರಲಿ. ಆಮೇಲೆ ಅವನೇ ಬಸ್ಸನ್ನು ಮಳವಳ್ಳಿಗೆ ಓಡಿಸಿಕೊಂಡು ಹೋಗಿ ಬಂದರೆ ಸೀಟು ಅವನದು. ಆಗದಿದ್ದರೆ ಗ್ಯಾಸ್ ಡ್ರಮ್ಮಿನೊಳಗೆ ಅಂಟುವ ಡಾಂಬರಿನಂಥ ಕಿಟ್ಟ ಕೆರೆಯುವುದು ಇನ್ನು ನನ್ನ ಕೆಲಸ. ಆ ಹೊಲಸಿಗೆ ಮೇಸ್ತ್ರಿ ಕೈಹಾಕುವನೆಂಬ ಆಸೆಗೇ ಯಜಮಾನರು ಒಪ್ಪಿದರು.

ಬೆಳಗ್ಗೆ ಹಿಡಿಕೆ ತೋರಿಸಿದಾಗ ಸಿದ್ದಪ್ಪ ಮುಖ ತಿರುಗಿಸಿದ.

"ನಾನು ಡ್ರೈವರು ಸಾಬ್ರೆ. ಕ್ಲೀನರ್ ಕೆಲ್ಸ ಮಾಡುದ್ರೆ ಜನ ಏನಂದಾರು?"

"ಈಗ ಹುಚ್ಚ ಅಂತಾವ್ರೆ ಕಣ್ಲಾ. ಕ್ಲೀನರ್ ಅಂದ್ರೆ ಬಡ್ತಿನೇಯ. ತಿರುಗ್ಸು."

ಸಿಟ್ಟಿನಿಂದಲೇ ತಿರುಗಿಸಿದ. ನಾಲ್ಕು ಸುತ್ತಿಗೆ ಏದುಸಿರು ಬಂತು. ನಾನು ಬಿಡಲಿಲ್ಲ. ದಿನವೂ ಎಲ್ಲ ಬಸ್ಸುಗಳ ಬ್ಲೋಯರ್ ಅವನದೇ. ಆಮೇಲೆ ಶಿಂಷಾ ಹೊಳೆಯವರೆಗೆ ನಡೆದು ಹೋಗಿ ಮಸಿ ತೊಳೆದುಕೊಂಡು ಬರಬೇಕು. ಮೈ ಬೆವೆತಂತೆ ಹೊಟ್ಟೆ ಹಸಿಯಿತು. ಒಂದು ದಿನ ಅವನ ಹೆಂಡತಿ ಶೆಡ್ಡಿಗೇ ಬಂದಳು. "ರಾತ್ರಿಯೆಲ್ಲ ಗೊರ್ಕೆ ಕಣಣ್ಣ. ಈಗ ನಂಗೆ ನಿದ್ದೆ ಇಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪರೀಕ್ಷೆಯ ದಿನ ನಾನು ಅವನ ಪಕ್ಕದಲ್ಲೇ ಕೂತೆ. ಹೋಗುವಾಗ ಇಳಿಜಾರನ್ನು ಹಲ್ಲು ಕಚ್ಚಿ ಇಳಿಸಿದ. ಬರುವಾಗ ಏರಿನಲ್ಲಿ ಗ್ಯಾಸು ಸಾಲದೆ ಎಂಜಿನ್ ನಿಂತಿತು, ಅದೇ ಹುಣಸೆಮರದ ಎದುರು. ಜನ ಪಿಸುಗುಟ್ಟಿದರು. ಸಿದ್ದಪ್ಪ ಮರವನ್ನೊಮ್ಮೆ ನೋಡಿದ. ಕ್ಲೀನರನ್ನು ಕೂಗಿ ಚಕ್ರಕ್ಕೆ ಕಲ್ಲು ಕೊಡಿಸಿ, ಇಳಿದು ಹಿಂದಕ್ಕೆ ಹೋದ. ಬ್ಲೋಯರ್ ಸದ್ದು ಕೇಳಿದಾಗಲೇ ನನಗೆ ಉಸಿರು ಬಂದದ್ದು. ತಾನೇ ತಿರುಗಿಸಿ, ತಾನೇ ಹತ್ತಿ, ಬಸ್ಸನ್ನು ಏರಿಸಿದ.

ಮದ್ದೂರಿನಲ್ಲಿ ಯಜಮಾನರು ಪ್ಯಾಸೆಂಜರುಗಳ ಮುಂದೆ ಎದೆಯುಬ್ಬಿಸಿದರು: ತಾವು ಪೂರ್ತಿ ರೆಸ್ಟ್ ಕೊಟ್ಟಿದ್ದಕ್ಕೇ ಹುಡುಗ ಸರಿಹೋದನಂತೆ. ನನಗೆ ತಡೆಯಲಾಗಲಿಲ್ಲ. ಅವರ ಕೈಹಿಡಿದು ಡ್ರಮ್ಮಿನ ಬಳಿಗೆ ಕರೆತಂದು ಹಿಡಿಕೆ ತೋರಿಸಿದೆ.

"ಇದೇ ಆ ರೆಸ್ಟು ಯಜಮಾನ್ರೇ. ನೀವೂ ಒಸಿ ತಕ್ಕಳಿ."

ನಿಮಗೂ ಹೇಳುತ್ತೇನೆ: ಹೆದರಿದವನನ್ನು ಕರುಣೆಯಿಂದ ಜಗಲಿಯಲ್ಲಿ ಕೂರಿಸಬೇಡಿ. ಮೊದಲು ಬ್ರೇಕು ಸರಿ ಮಾಡಿಸಿ. ಆಮೇಲೆ ಅವನ ಕೈಗೆ ಬೆವರು ಹರಿಯುವಂಥ ಕೆಲಸ ಕೊಡಿ.