ಅಕ್ಕೋರು ಕೊಡದ ರಾಜನ ಪಾತ್ರ

ಅಕ್ಕೋರ ಬಲಗೈ ಬೆರಳುಗಳು ಸದಾ ಸೀಮೆಸುಣ್ಣದ ಪುಡಿಯಿಂದ ಬೆಳ್ಳಗಿರುತ್ತಿದ್ದವು. ಸಿಟ್ಟಿನಲ್ಲಿ ಸೊಂಟಕ್ಕೆ ಕೈಯಿಟ್ಟರೆ ಸೀರೆಯ ಮೇಲೆ ಐದೂ ಬೆರಳು ಮೂಡುತ್ತಿದ್ದವು. ಅವರಿಗೆ ಸಿಟ್ಟು ಬರಿಸುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಕಲಬುರಗಿ ಕಡೆಯ ನಿವೃತ್ತ ಶಿಕ್ಷಕಿ, ಕೂಕಟ್‌ಪಲ್ಲಿಯಲ್ಲಿ ತಂಗಿಯ ಮನೆಯಲ್ಲಿದ್ದರು. ಭಾನುವಾರ ಬೆಳಿಗ್ಗೆ ಆ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ, ಕಾರು ಸ್ಕೂಟರುಗಳ ನಡುವೆ, ಕೆಲಸಕ್ಕೆಂದು ತೆಲುಗು ನಾಡಿಗೆ ಬಂದಿದ್ದ ನಮ್ಮಂಥ ಏಳೆಂಟು ಕನ್ನಡಿಗರಿಗೆ ನಾಟಕ ಕಲಿಸುತ್ತಿದ್ದರು.

ಮೊದಲ ದಿನವೇ ನೆಲದ ಮೇಲೆ ದೊಡ್ಡ ವೃತ್ತ ಬರೆದು, ಇದು ಆರ್ಕೆಸ್ಟ್ರಾ ಎಂದರು. ಮೈಸೂರಿನ ಗಣೇಶೋತ್ಸವದ ಆರ್ಕೆಸ್ಟ್ರಾ ನೋಡಿ ಬೆಳೆದ ನಾನು, ಕೀಬೋರ್ಡು ಯಾರು ತರುತ್ತಾರೆ ಎಂದು ಕೇಳಿಬಿಟ್ಟೆ.

"ವಾದ್ಯ ಅಲ್ಲೋ ತಮ್ಮಾ. ಗ್ರೀಕರ ನಾಟಕದಾಗ ಮ್ಯಾಳದವ್ರು ಕುಣಿಯೋ ಜಾಗ ಅದು. ನಮ್ಮ ಕಣ ಇದ್ದಂಗ."

ರಂಗದ ಬಲ ಎಂದರೆ ನಟನ ಬಲ, ನೋಡುವವರದ್ದಲ್ಲ ಎಂದು ನೂರು ಸಲ ಹೇಳಿದರೂ ನಾನು ತಪ್ಪು ಕಡೆಗೇ ಹೋಗಿ ಯಾರದೋ ಸ್ಕೂಟರಿಗೆ ಡಿಕ್ಕಿ ಹೊಡೆಯುತ್ತಿದ್ದೆ.

ನಾವು ಆಡಲಿದ್ದ ಗ್ರೀಕ್ ನಾಟಕದಲ್ಲಿ ನನಗೆ ಬೇಕಾಗಿದ್ದುದು ರಾಜನ ಪಾತ್ರ. ಸಿಕ್ಕಿದ್ದು ಮೇಳ. ರಾಜನಾಗಿದ್ದವರು ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಪಾಠ ಹೇಳುವ ರಾಯಚೂರಿನವರು. ಪ್ರದರ್ಶನಕ್ಕೆ ಮೂರು ದಿನವಿರುವಾಗ ಅವರಿಗೆ ಜ್ವರ ಬಂತು. ಕೆಟ್ಟ ಮನಸ್ಸು, ಖುಷಿಯಾಯಿತು. ರಾಜನ ಮಾತೆಲ್ಲ ನನಗೆ ಬಾಯಿಪಾಠವಾಗಿತ್ತು. ಎದುರಿಗೆ ದೂತನ ಪಾತ್ರದವನನ್ನು ನಿಲ್ಲಿಸಿ ಅಕ್ಕೋರು ಪರೀಕ್ಷಿಸಿದರು. ಒಂದಕ್ಷರ ತಪ್ಪದೆ ಹೇಳಿ ಮುಗಿಸಿದೆ.

"ಗ್ರೀಕರು ನಟಗ ಹುಪೊಕ್ರಿಟೀಸ್ ಅಂತಿದ್ರು. ಉತ್ತರ ಕೊಡಾಂವ ಅಂತ ಅರ್ಥ," ಎಂದರು. "ನೀ ಪಾಠ ಚಂದ ಒಪ್ಪಸ್ತಿ. ಆದ್ರ ದೂತ ಏನಂದ ಅನ್ನೋದು ನಿನ್ನ ಕಿವಿಗೇ ಬಿದ್ದಿಲ್ಲ."

ಪಾತ್ರ ನನಗೆ ಕೊಡದೆ ಅಕ್ಕೋರು ಜ್ವರದವರು ಏಳುವ ತನಕ ಕಾದರು. ಅವರು ಒಡಕು ಗಂಟಲಲ್ಲೇ ರಾಜನಾದರು. ನಾನು ಮೇಳದಲ್ಲಿ ಹಲ್ಲು ಕಚ್ಚಿಕೊಂಡು ಕುಣಿದೆ. ಜನ ಚಪ್ಪಾಳೆ ತಟ್ಟಿದ್ದು ನನಗೆ ಇನ್ನಷ್ಟು ಉರಿಯಿತು. ಮರುವಾರದಿಂದ ಸೆಲ್ಲಾರಿನ ಕಡೆ ತಲೆ ಹಾಕಲಿಲ್ಲ.

ಆಮೇಲೆ ಅಕ್ಕೋರು ನಾಲ್ಕು ಸಲ ಫೋನ್ ಮಾಡಿದರು. "ಹೆಂಗಿದ್ದಿ, ಒಂದು ವಿಷಯ ಐತಿ" ಎಂದು ಶುರು ಮಾಡುವಷ್ಟರಲ್ಲಿ, ಮೀಟಿಂಗಿನಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಎನ್ನುತ್ತಿದ್ದೆ. ಒಮ್ಮೆಯೂ ಮಾಡಲಿಲ್ಲ. ನನ್ನ ಆಫೀಸಿರುವ ಮಾದಾಪುರದಲ್ಲಿ ಯಾರಿಗೂ ಅಷ್ಟೊಂದು ಮೀಟಿಂಗುಗಳಿರುವುದಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಅದೇ ಸೆಲ್ಲಾರಿನಲ್ಲಿ ಮಲಗಿಸಿದ್ದರು. ಗೋಡೆಗೆ ಒರಗಿ ನಿಂತಿದ್ದ ರಾಯಚೂರಿನವರು ನನ್ನನ್ನು ಕಂಡು ಹತ್ತಿರ ಬಂದರು.

"ಅಕ್ಕೋರು ಹೊಸ ನಾಟಕ ತಗದಿದ್ರು, ಗೊತ್ತಿಲ್ಲೇನ್ರಿ? ಈ ಸಲ ರಾಜ ನೀವ ಆಗ್ಬೇಕು ಅಂತ ಹಟ ಹಿಡಿದಿದ್ರು. ಅಂವಗ ಕೇಳಿಸ್ಕೊಳ್ಳೋದೊಂದು ಕಲಿಸಿದ್ರ ಸಾಕು, ಉಳಿದದ್ದೆಲ್ಲ ಐತಿ ಅಂತಿದ್ರು. ನೀವು ಫೋನ್ ಎತ್ತಲಿಲ್ಲಂತಲ್ರಿ?"

ಎತ್ತಿದ್ದೆ. ನಾಲ್ಕು ಸಲವೂ ಎತ್ತಿದ್ದೆ. ಅವರ ಮಾತು ಮುಗಿಯಲು ಬಿಟ್ಟಿರಲಿಲ್ಲ.