ತಾತನ ಮಗ್ಗಕ್ಕೆ ಸಂತೆ ಹೂವು

ಚೆಂಡುಹೂವಿಗೆ ಪರಿಮಳವಿದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅದಕ್ಕಿರುವುದು ಘಾಟು. ತೊಟ್ಟು ಚಿವುಟಿದರೆ ಸಾಕು, ಉಗುರಿನ ಸಂದಿಗೆ ಸೇರಿಕೊಂಡು, ಸಾಬೂನಿಗೂ ಜಗ್ಗದೆ, ಊಟದ ಹೊತ್ತಿನವರೆಗೆ ಅಲ್ಲೇ ಕೂತಿರುತ್ತದೆ. ಮಲ್ಲಿಗೆ, ಸಂಪಿಗೆಗಳ ಮುಂದೆ ಅದು ಯಾವ ಲೆಕ್ಕ ಹೇಳಿ! ಆದರೂ ಲೋಕದ ಹೂವನ್ನೆಲ್ಲ ಮುಂದೆ ಸುರಿದು ಒಂದನ್ನು ಆರಿಸಿಕೋ ಎಂದರೆ ನನ್ನ ಕೈ ಹೋಗುವುದು ಆ ಘಾಟು ಹೂವಿಗೇ. ಮೊನ್ನೆ ಆಯುಧಪೂಜೆಯ ಬೆಳಿಗ್ಗೆ, ಮಾರ್ಕೆಟ್ಟಿನಿಂದ ತಂದ ಹಾರದ ಪೊಟ್ಟಣ ಬಿಚ್ಚುತ್ತಿದ್ದಂತೆ ಆ ವಾಸನೆ ಮೂಗಿಗೆ ಅಡರಿತು ನೋಡಿ, ಕೊಳ್ಳೇಗಾಲದ ನಮ್ಮ ಹಳೆಯ ಮನೆ, ಅದರ ಹಿತ್ತಲು, ಹಿತ್ತಲಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತ ನಮ್ಮಜ್ಜಿ, ಎಲ್ಲ ಒಟ್ಟಿಗೇ ನುಗ್ಗಿ ಬಂದರು. ನಾನು ಪೊಟ್ಟಣ ಹಿಡಿದು ಹಾಗೇ ಕುಳಿತುಬಿಟ್ಟೆ.

ನಮ್ಮದು ರೇಷ್ಮೆ ನೇಯುವವರ ಮನೆ. ನಡುಮನೆಯಲ್ಲಿ ತಾತನ ಗುಂಡಿಮಗ್ಗ, ಅದರ ಆಚೆ ಅಪ್ಪನದು, ಚಿಕ್ಕಪ್ಪನದು. ಮಗ್ಗಗಳ ಮನೆಯಲ್ಲಿ ನಾವು ಹೇಗೋ ಸಂದಿಗೊಂದಿಯಲ್ಲಿ ಹೊಂದಿಕೊಂಡು ಬದುಕುತ್ತಿದ್ದೆವು ಎಂದರೂ ತಪ್ಪಿಲ್ಲ. ಬೆಳಗಾದರೆ ಲಾಳಿಯ ಸದ್ದು. ಆ ಸದ್ದು ನಿಂತರೇ ನಮಗೆ ಎಚ್ಚರವಾಗುತ್ತಿತ್ತು. ಒಳಗೆ ತಾತನ ಮಾತು ನಡೆದರೆ ಹಿತ್ತಲಲ್ಲಿ ಅಜ್ಜಿಯದು. ಬಾವಿಕಟ್ಟೆಯ ಸುತ್ತ ಬಾಳೆ, ಬೇಲಿಯುದ್ದ ಕನಕಾಂಬರ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಮರುಗ, ಪಚ್ಚೆತೆನೆ, ಮೂಲೆಯಲ್ಲೊಂದು ಗಿಡ್ಡ ಮಾವಿನ ಮರ. ಮಿಕ್ಕ ಜಾಗವೆಲ್ಲ ಚೆಂಡುಹೂವು ಮತ್ತು ಸೇವಂತಿಗೆ. ಮುಂಗಾರು ಮುಗಿದು ಬಿಸಿಲು ಎಳೆಯದಾಗುವ ಹೊತ್ತಿಗೆ ಆ ಹಿತ್ತಲು ಹೇಗೆ ಉರಿಯುತ್ತಿತ್ತೆಂದರೆ, ಅಡುಗೆಮನೆಯ ಕತ್ತಲಲ್ಲಿ ಕೂತ ಅವ್ವನ ಮುಖದ ಮೇಲೂ ಅದರ ಹಳದಿ ಬಿದ್ದಿರುತ್ತಿತ್ತು.

ದಸರೆಗೆ ಮನೆ ಸಿಂಗರಿಸುವುದೆಂದರೆ ನಮ್ಮಲ್ಲಿ ಮೊದಲು ಮಗ್ಗ, ಆಮೇಲೆ ಬಾಗಿಲು, ಕಡೆಗೆ ಮನುಷ್ಯರು. ಮಗ್ಗಕ್ಕೆ ಏರುವ ಹೂವು ಹಿತ್ತಲದ್ದೇ ಆಗಬೇಕೆನ್ನುವುದು ಅಜ್ಜಿಯ ಅತ್ತೆಯ ಕಾಲದಿಂದ ಬಂದ ಕಟ್ಟಳೆ. ಅದನ್ನು ಕೊಯ್ಯಲೂ ಒಂದು ಕ್ರಮವಿತ್ತು. ಇಬ್ಬನಿ ಆರುವ ತನಕ ಗಿಡ ಮುಟ್ಟುವಂತಿಲ್ಲ. ಕೊಯ್ದದ್ದನ್ನು ಮೊರದಲ್ಲಿ ಹರವಿ, ನೆರಳಲ್ಲಿ ಆರಿಸಿ, ಆಮೇಲೆ ಕಟ್ಟಬೇಕು. ಕಟ್ಟಿದ ಮಾಲೆಯನ್ನು ಮಗ್ಗಕ್ಕೆ ಒಯ್ಯುವ ಮೊದಲು ಹೊಸಿಲಾಚೆ ನಿಂತು, ಉಳಿದ ನೀರೆಲ್ಲ ಉದುರಿಹೋಗುವ ಹಾಗೆ ಒದರಬೇಕು. ಏಕೆಂದರೆ ಮಗ್ಗದ ಮೇಲೆ ಬಿಗಿದಿರುವುದು ರೇಷ್ಮೆಯ ಹಾಸು, ಸೀರೆಯುದ್ದದ ಎಳೆಗಳು. ಒದ್ದೆ ಹೂವಿನಿಂದ ಒಂದು ಹನಿ ನೀರು ಬಿದ್ದರೂ ಅದರ ಬಣ್ಣ ಎಳೆಗೆ ಕಚ್ಚಿಕೊಂಡು ಮತ್ತೆ ಬಿಡುವುದಿಲ್ಲ. ನಾನು ನೂಲಿನ ತುದಿ ಹಿಡಿದು ಅಜ್ಜಿಯ ಮುಂದೆ ಕೂರುತ್ತಿದ್ದೆ. ಪ್ರತಿ ಮಾಲೆ ಮುಗಿದಾಗಲೂ ಅಜ್ಜಿ ಕೇಳುತ್ತಿದ್ದಳು, “ಒದರಿದ್ಯಾ ಕೂಸು?”

ಒಂದು ವರ್ಷ, ಪಿತೃಪಕ್ಷ ಕಳೆದ ಮಾರನೆಯ ದಿನ, ಊಟಕ್ಕೆ ಕೂತ ತಾತ ಮುದ್ದೆ ಮುರಿಯುತ್ತ, “ದಸರ ಕಳೀಲಿ. ಹಿತ್ತಲ ಗಿಡ ಎಲ್ಲ ಕಿತ್ತಾಕಿ ಒಂದು ರೂಮು ಎಬ್ಬುಸ್ತೀನಿ. ಇನ್ನೆರಡು ಮಗ್ಗ ಹೂಡ್ಬೇಕು” ಎಂದರು. ಅವರ ಮಾತಿಗೆ ಎದುರಾಡುವವರು ಯಾರು? ಅಪ್ಪ ತಟ್ಟೆ ನೋಡಿದ. ಚಿಕ್ಕಪ್ಪ ನೀರು ಕುಡಿದ. ಅಜ್ಜಿ ಮಾತ್ರ ಸಾರಿನ ಸೌಟು ಹಿಡಿದೇ ಕೇಳಿದಳು:

“ಮಗ್ಗಕ್ಕೆ ಹೂವು?”

“ಸಂತೇಲಿ ಸಿಕ್ಕಲ್ವಾ? ಊರಲ್ಲಿ ಹೂವಿಗೇನು ಬರ ಬಂದದಾ?”

“ಆಯ್ತು ಬುಡಿ” ಎಂದಳು ಅಜ್ಜಿ.

ನಮ್ಮಜ್ಜಿಯ ‘ಆಯ್ತು ಬುಡಿ’ಯನ್ನು ಬಲ್ಲವರೇ ಬಲ್ಲರು. ಒಪ್ಪಿಗೆಗೂ ಅದಕ್ಕೂ ಎಣ್ಣೆ ಸೀಗೆಕಾಯಿ. ಆದರೆ ನಾನಿನ್ನೂ ಚಿಕ್ಕವಳು, ನನಗೇನು ಗೊತ್ತು? ಹಿತ್ತಲು ಹೋಗಿಯೇ ಹೋಯಿತೆಂದು ಬಾವಿಕಟ್ಟೆಯ ಮೇಲೆ ಕೂತು ಗೊಳೋ ಎಂದು ಅತ್ತೆ. ಅಜ್ಜಿ ಬಂದು ನನ್ನ ಮೂಗು ಒರೆಸಿ, “ಸುಮ್ಕಿರು ಕೂಸು. ಇನ್ನೂ ಗಿಡ ನಿಂತವೆ, ನಿಮ್ಮಜ್ಜೀನೂ ನಿಂತವಳೆ” ಎಂದಳು.

ಆಯುಧಪೂಜೆಯ ದಿನ ಅವಳು ಸಿಂಗರಿಸಿದ ಪರಿಯನ್ನು ಏನೆಂದು ಹೇಳಲಿ! ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ. ಅಪ್ಪನ ಮಗ್ಗಕ್ಕೆ ಚೆಂಡುಹೂವಿನ ಮಾಲೆ, ಚಿಕ್ಕಪ್ಪನದಕ್ಕೆ ಸೇವಂತಿಗೆ. ಬಾವಿಯ ರಾಟೆಗೆ, ಒರಳುಕಲ್ಲಿಗೆ, ಅವ್ವನ ಈಳಿಗೆಮಣೆಗೆ, ಚಿಕ್ಕಪ್ಪನ ಸೈಕಲ್ಲಿಗೆ, ಕಡೆಗೆ ಹಿತ್ತಲ ಗುದ್ದಲಿಗೂ ಒಂದೊಂದು ಸರ. ಇಡೀ ಮನೆ ಮದುವೆ ಹೆಣ್ಣಿನ ಹಾಗೆ ಕೂತಿದ್ದರೆ, ನಟ್ಟನಡುವೆ ತಾತನ ಮಗ್ಗ ಮಾತ್ರ ಬೋಳು! ಅದರ ಮೇಲಿದ್ದದ್ದು ಯಾರದೋ ಮದುವೆಯ ಧಾರೆ ಸೀರೆ, ಹಾಲಿನಂಥ ಬಿಳಿ ಹಾಸು, ಕೆಂಪು ಅಂಚು.

“ನಂದಕ್ಕೆಲ್ಲಿ?” ತಾತ ಕೇಳಿದರು.

“ನಿಮ್ದುಕ್ಕೆ ಸಂತೆ ಹೂವೇ ಸಾಕು ಅಂದ್ರಲ್ಲ. ಮುಂದಿನೊರ್ಸದಿಂದ ಎಂಗೂ ಅದೇ ತಾನೆ, ಈಗ್ಲಿಂದ್ಲೇ ರೂಢಿಯಾಗ್ಲಿ ಅಂತ.”

ತಾತನ ಕಿವಿ ಕೆಂಪಾಯಿತು. ಅಂಗಿ ಏರಿಸಿಕೊಂಡು ಹೋದವರು ತೋಳುಗಾತ್ರದ ಚೆಂಡುಹೂವಿನ ಹಾರ ಹೊತ್ತು ತಂದರು. ಹೂವು ಬಾಡದಿರಲೆಂದು ಮಾರುವವರು ಚೆನ್ನಾಗಿ ನೀರು ಚಿಮುಕಿಸಿದ್ದರು. ಅಜ್ಜಿ ಅದನ್ನು ನೋಡಿ, “ಒದರಿದ್ರಾ?” ಎಂದಳು.

“ನೀನು ನಂಗೆ ಏಳ್ಕೊಡ್ಬ್ಯಾಡ ಕಣಮ್ಮಿ” ಎಂದ ತಾತ, ಹಾಗೇ ಮಗ್ಗದ ಮೇಲ್ಗಡೆಯ ಅಡ್ಡಗಳುವಿಗೆ ಹಾರ ಕಟ್ಟಿ, ಕುಂಕುಮವಿಟ್ಟು, ಕಾಯಿ ಒಡೆದು, ಮಂಗಳಾರತಿ ಎತ್ತಿದರು. ಅಲ್ಲಿಗೆ ಮುಗಿಯಿತು. ಪೂಜೆಯಾದ ಮಗ್ಗವನ್ನು ವಿಜಯದಶಮಿಯ ಬೆಳಗಿನ ತನಕ ಯಾರೂ ಮುಟ್ಟಕೂಡದು. ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ತಾತನಿಗಿಂತ ಕಟ್ಟುನಿಟ್ಟಿನವರು ಇನ್ನೊಬ್ಬರಿರಲಿಲ್ಲ.

ಕರ್ಪೂರ ಇನ್ನೂ ಆರಿರಲಿಲ್ಲ. ಹಾರದ ತಳದಲ್ಲಿ ಒಂದು ಹನಿ ಕೂಡಿ, ದಪ್ಪಗಾಗಿ, ತೊಟಕ್ಕನೆ ಬಿಳಿಯ ಹಾಸಿನ ಮೇಲೆ ಬಿತ್ತು. ಹಳದಿ. ಅದರ ಹಿಂದೆ ಇನ್ನೊಂದು. ಮನೆಮಂದಿಯೆಲ್ಲ ಕೈಮುಗಿದುಕೊಂಡೇ ಬಾಯಿ ಬಿಟ್ಟು ನಿಂತೆವು.

“ಅಪ್ಪ, ತೆಗ್ದುಬುಡ್ಲಾ?” ಚಿಕ್ಕಪ್ಪ ಕೈ ಚಾಚಿದ.

“ಮುಟ್ಬ್ಯಾಡ ಕಣ್ಲಾ!” ತಾತ ಗುಡುಗಿದರು. ಗುಡುಗಿದ ಮೇಲೆ ಪಾಪ, ಅವರ ಮುಖ ನೋಡುವಂತಿರಲಿಲ್ಲ. ಹನಿ ಬಿದ್ದಾಗಲೆಲ್ಲ ಅವರ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಅಳುತ್ತಿದ್ದಾಳೆಂದು ಹಿಂದೆಯೇ ಹೋದರೆ, ಪುಣ್ಯಾತ್ಗಿತ್ತಿ ಒಲೆಯ ಮುಂದೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ! ಅವಳನ್ನು ನೋಡಿ ಅವ್ವನೂ ನಕ್ಕಳು, ನಾನೂ ನಕ್ಕೆ. ಅಷ್ಟರಲ್ಲಿ ನಡುಮನೆಯಿಂದ ಇನ್ನೊಂದು ನಗು ಕೇಳಿತು. ತಾತನದು! ಅವರು ಹಾಗೆ ನಗುವುದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

ಕಲೆಯಾದ ಸೀರೆಯನ್ನು ಧಾರೆಗೆ ಕೊಡಲಾಗುತ್ತದೆಯೇ? ಮದುವೆಯ ಮನೆಗೆಂದು ಅಪ್ಪನ ಮಗ್ಗದಲ್ಲಿ ಬೇರೆ ಹಾಸು ಹೂಡಿದರು. ತಾತ ತಮ್ಮ ಹಾಸನ್ನು ಕತ್ತರಿಸಲಿಲ್ಲ. ಹಳದಿ ಹನಿಗಳ ಸಮೇತ ನೇಯ್ದು ಮುಗಿಸಿ, ದೀಪಾವಳಿಯ ಬೆಳಿಗ್ಗೆ ತಟ್ಟೆಯಲ್ಲಿಟ್ಟು ಅಜ್ಜಿಯ ಮುಂದೆ ಹಿಡಿದರು.

“ಅಯ್ ನನ್ ಶಿವ್ನೇ! ಧಾರೆ ಸೀರೆ! ಇನ್ನೊಂದ್ಸಲ ಮದ್ವೆ ಆಗಿ ನಿಮ್ಕೂಡೆ ಏಗಕ್ಕೆ ನನ್ ಕೈಲಾಗದು ಕಣ್ರಪ್ಪ” ಎಂದಳು ಅಜ್ಜಿ. ಸೀರೆಯನ್ನು ಮಾತ್ರ ಎದೆಗೆ ಅವುಚಿಕೊಂಡಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು, “ಹಿತ್ತಲು ಯಾವತ್ತು ಕೀಳುಸ್ತೀರಾ?”

“ಯಾವ ಹಿತ್ತಲು?” ಎಂದರು ತಾತ.

ಆ ಎರಡು ಮಗ್ಗಗಳನ್ನು ಪಕ್ಕದ ಬೀದಿಯಲ್ಲಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಹೂಡಿದರು. ಅಜ್ಜಿ ಪ್ರತಿ ದಸರೆಗೂ ಹನಿಹನಿ ಹಳದಿಯ ಆ ಸೀರೆಯುಟ್ಟೇ ಹೂ ಕಟ್ಟಿದಳು. ನಾನು ಹೈಸ್ಕೂಲಿಗೆ ಬಂದ ಮೇಲೆ, ಒಂದು ಶ್ರಾವಣದಲ್ಲಿ ಜ್ವರ ಬಂದು ಹೋದಳು. ಅದೇ ಸೀರೆ ಉಡಿಸಿ ಕಳಿಸಿದೆವು. ಸಾವಿನ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ. ಆ ದಸರೆಗೆ ಮಗ್ಗಗಳೆಲ್ಲ ಬೋಳಾಗಿ ನಿಂತವು. ಹಿತ್ತಲು ಮಾತ್ರ ಎಂದಿನಂತೆ ಹೂಬಿಟ್ಟಿತು. ಕೀಳುವವರಿಲ್ಲದೆ ಹೂವೆಲ್ಲ ಗಿಡದಲ್ಲೇ ಒಣಗಿ, ಉದುರಿ, ಬೀಜವಾಗಿ, ಮರುವರ್ಷ ಮಳೆ ಬಿದ್ದದ್ದೇ ತಡ, ಒಗೆಯುವ ಕಲ್ಲಿನ ಬಿರುಕಿನಲ್ಲಿ, ಹಿತ್ತಲ ಬಾಗಿಲಿನ ಹೊಸಿಲ ಬುಡದಲ್ಲಿ, ಕಾಲಿಡಲು ಜಾಗವಿಲ್ಲದ ಹಾಗೆ ಎದ್ದುನಿಂತಿತು. ತಾತ ಒಂದು ಗಿಡವನ್ನೂ ಕೀಳಿಸಲಿಲ್ಲ. ಆಯುಧಪೂಜೆಯ ದಿನ ಮೊರ ಹಿಡಿದು ಬಾವಿಕಟ್ಟೆಯ ಮೇಲೆ ಕೂತು, ಇಬ್ಬನಿ ಆರುವುದನ್ನು ಕಾದರು. ಕಟ್ಟಲು ಬಾರದ ಕೈ. ಹರಿದ ರೇಷ್ಮೆ ಎಳೆಗೆ ಹಾಕುವ ಗಂಟನ್ನೇ ಹೂವಿಗೂ ಹಾಕಿದರು. ನಾನು ಮಾಲೆಯನ್ನು ಒಳಗೆ ಒಯ್ಯುತ್ತಿದ್ದಾಗ ಹಿಂದಿನಿಂದ ಅವರ ದನಿ ಬಂತು, “ಒದರಿದ್ಯಾ ಕೂಸು?”

ತಾತನೂ ಹೋಗಿ ಎಷ್ಟೋ ಕಾಲವಾಯಿತು. ಮನೆ ಮಾರಿದೆವು, ಹಿತ್ತಲಿದ್ದ ಕಡೆ ಈಗ ಸಾಲು ಅಂಗಡಿಗಳು. ನನ್ನ ಮನೆಯಲ್ಲಿ ಮಗ್ಗವೂ ಇಲ್ಲ, ಇರುವುದು ಒಂದು ಹೊಲಿಗೆ ಮಿಷನ್ನು, ಮಗನ ಸ್ಕೂಟರು. ಮೊನ್ನೆ ಪೊಟ್ಟಣದಿಂದ ಹಾರ ತೆಗೆದವಳು ಹೊಸಿಲಾಚೆ ನಿಂತು ನೀರೆಲ್ಲ ಸಿಡಿಯುವ ಹಾಗೆ ಒದರಿದೆ. ಸೊಸೆ ನೋಡಿ, “ಸ್ಕೂಟ್ರಿಗೆ ಆಕೋ ಹೂವು, ಒದ್ದೆಯಿದ್ರೆ ಏನಾದದು ಅತ್ತೆ?” ಎಂದು ನಕ್ಕಳು. ಏನೂ ಆಗುವುದಿಲ್ಲ, ನನಗೂ ಗೊತ್ತು. ಆದರೂ ಇನ್ನೊಂದು ಸಲ ಒದರಿದೆ. ಒದರಿ, ಒಳಗೆ ಬಂದು, ಯಾರಿಗೂ ಕೇಳದ ಹಾಗೆ ಹೇಳಿದೆ: “ಒದರಿದೆ ಕಣಜ್ಜಿ.”